ಸೂಗಮ್ಮನ ಹನ್ನೆರಡು ಕಿಲೋ

ಸೇಡಂ ತಹಸೀಲ ಕಚೇರಿಯ ಹಿಂದಿನ ಓಣಿಯಲ್ಲಿ ಸೂಗಮ್ಮನ ಖಾನಾವಳಿ ಇತ್ತು. ಬಾಗಿಲಿಗೆ ಹೆಸರಿನ ಹಲಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ಆ ತುದಿಗೂ ಕೇಳುತ್ತಿತ್ತು. ಕಚೇರಿಯ ಗುಮಾಸ್ತರು, ಸಾಲಿ ಮಾಸ್ತರರು, ಕೋರ್ಟಿನ ಕೆಲಸಕ್ಕೆ ಹಳ್ಳಿಯಿಂದ ಬಂದವರು, ಎಲ್ಲ ಸೇರಿ ದಿನಕ್ಕೆ ನಲವತ್ತು ಜನ. ನಲವತ್ತು ಜನಕ್ಕೆ ನೂರಾ ಹತ್ತು ರೊಟ್ಟಿ. ಅಷ್ಟನ್ನೂ ಸೂಗಮ್ಮ ಒಬ್ಬಳೇ, ಒಲೆಯ ಮುಂದೆ ಒಂದು ಕಾಲು ಮಡಚಿ ಒಂದು ಮೊಣಕಾಲು ಎತ್ತಿ ಕುಳಿತು ಬಡಿಯುತ್ತಿದ್ದಳು.

ಸೂಗಮ್ಮ ಗಟ್ಟಿ ಹೆಂಗಸು. ಗಟ್ಟಿ ಎಂದರೆ ಅವಳ ಮಾತಿನಲ್ಲಿ; ಓಣಿಯವರ ಮಾತಿನಲ್ಲಿ ದಪ್ಪ. ಗಂಡ ಅಂಬಾರಾಯ ಕೊಡೆಯ ಕಡ್ಡಿಯಂಥವನು. ಇಬ್ಬರೂ ಜೋಡಿಯಾಗಿ ಸಂತೆಗೆ ಹೊರಟರೆ, "ನೋಡ್ರಿ, ಹತ್ತು ಅಂತ ಬರದಂಗ ಹೊಂಟಾರ" ಎಂದು ಓಣಿಯ ಕಟ್ಟೆಯವರು ನಗುತ್ತಿದ್ದರು. ಸೂಗಮ್ಮನಿಗೆ ಅದು ಕೇಳದೆ ಇರಲಿಲ್ಲ. "ಒಂದಕ್ಕ ಬೆಲಿ ಬರೋದು ಸೊನ್ನಿಯಿಂದಾನೇ ಬಿಡ್ರಿ" ಎಂದು ಹೇಳಿ ಮುಂದೆ ನಡೆಯುತ್ತಿದ್ದಳು.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದ ಮಾತು ಇದು. ಆಗ ಸೂಗಮ್ಮನಿಗೆ ನಲವತ್ತಾರು ವರ್ಷ. ಎರಡು ವರ್ಷಗಳಿಂದ ಹೊಕ್ಕಳ ಮೇಲೆ ಒಂದು ಗಂಟು ಎದ್ದಿತ್ತು. ಮೊದಲು ನಿಂಬೆಕಾಯಿಯಷ್ಟಿತ್ತು, ಆಮೇಲೆ ಬದನೆಕಾಯಿಯಷ್ಟಾಯಿತು. ಮಲಗಿದರೆ ಒಳಗೆ ಸರಿಯುತ್ತಿತ್ತು, ರೊಟ್ಟಿಗೆ ಕುಳಿತರೆ ಹೊರಗೆ ಬರುತ್ತಿತ್ತು. ಅವಳು ಎಡಗೈಯಿಂದ ಅದನ್ನು ಒತ್ತಿ ಹಿಡಿದು ಬಲಗೈಯಿಂದ ಹಿಟ್ಟು ನಾದುವುದನ್ನು ರೂಢಿ ಮಾಡಿಕೊಂಡಿದ್ದಳು. ಆದರೆ ಆ ವರ್ಷ ಕಾರಹುಣ್ಣಿಮೆಯ ಹಿಂದಿನ ವಾರ ಒಂದು ಮಧ್ಯಾಹ್ನ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ವಾಂತಿಯಾಯಿತು, ಕಣ್ಣು ಕತ್ತಲಿಟ್ಟಿತು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಎರಡು ತಾಸು ಮಲಗಿದ ಮೇಲೆ ತಾನೇ ಸರಿಯಿತು. ಮರುದಿನವೇ ಅಂಬಾರಾಯ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೋದ.

ಡಾಕ್ಟರ್ ಶಹಾಬುದ್ದೀನ ಹೊಟ್ಟೆ ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು, ಕಡೆಗೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೆರಡು ಕಿಲೋ.

"ಒಳಗಿನ ಕರುಳು ಹೊರಗ ಬರಾಕತ್ತದ್ರಿ ಅವ್ವಾರ. ಆಪರೇಶನ್ ಆಗಲೇಬೇಕು. ಇನ್ನೊಮ್ಮೆ ಹಿಂಗ ಸಿಗಬಿದ್ರ, ಸೇಡಂದಿಂದ ನೀವು ಇಲ್ಲಿಗಿ ಮುಟ್ಟೂದ್ರಾಗ ಜೀವಕ್ಕ ಬರ್ತದ. ಆದ್ರ ಈ ತೂಕಕ್ಕ ನಾ ನಿದ್ದಿ ಸೂಜಿ ಹಾಕಂಗಿಲ್ಲ. ಹಾಕಿದ್ರೂ ಈ ಕೊಬ್ಬಿನ ಮ್ಯಾಲ ಹೊಲಿಗಿ ನಿಂದ್ರಂಗಿಲ್ಲ."

"ಹಂಗಾರ ಏನು ಮಾಡ್ಬೇಕ್ರಿ?"

"ದಸರಾ ಆದ ಮ್ಯಾಲ ಮೊದಲನೇ ಗುರುವಾರ ಬರ್ರಿ. ಎಂಬತ್ತು ಕಿಲೋ ಆಗಿ ಬರಬೇಕು. ಎಂಬತ್ತರ ಮ್ಯಾಲ ಒಂದು ಕೂದಲಿದ್ರೂ ಕತ್ತಿ ಹಚ್ಚಂಗಿಲ್ಲ. ಅದು ತಪ್ಪಿದ್ರ ಮುಂದಿನ ವರ್ಷಾನೇ. ದೀಪಾವಳಿ ಮುಗೀತು ಅಂದ್ರ ನಾ ಎಂಟು ತಿಂಗಳು ಹೈದರಾಬಾದಿನಾಗ ಇರ್ತೀನಿ."

ಕಾಗದದ ಮೇಲೆ ತಾರೀಖು ಬರೆದು ಕೊಟ್ಟರು. ದಿನಕ್ಕೆ ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಬೇಕಾದಷ್ಟು ಸೊಪ್ಪು, ಎಣ್ಣೆ ಬೆಲ್ಲ ಬಂದ್, ಮುಂಜಾನೆ ನಡೆಯಬೇಕು. ನಡುವೆ ತಮ್ಮ ಕಡೆಗೆ ಬರುವುದು ಬೇಡ, ಊರಲ್ಲೇ ಎಲ್ಲಾದರೂ ತೂಕ ನೋಡಿಕೊಳ್ಳುತ್ತಿರಲಿ ಎಂದರು. ಸೂಗಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.

ಹನ್ನೆರಡು ಕಿಲೋ. ನಾಲ್ಕು ತಿಂಗಳು. ಕಿಲೋ ಬಂದು ಅಷ್ಟು ವರ್ಷವಾಗಿದ್ದರೂ ಸೂಗಮ್ಮನ ತಲೆಯೊಳಗೆ ಇನ್ನೂ ಸೇರೇ ಇತ್ತು. ಮನೆಗೆ ಬಂದು ಜೋಳದ ಡಬ್ಬಿಯ ಮುಂದೆ ನಿಂತು, ಹನ್ನೆರಡು ಕಿಲೋ ಜೋಳ ಎಂದರೆ ಎಷ್ಟೆಂದು ಚೀಲದಲ್ಲಿ ಹಾಕಿ ಎತ್ತಿ ನೋಡಿದಳು.

"ಇಷ್ಟು ಜ್ವಾಳ ನನ್ನ ಮೈಯಾಗ ಸುಮ್ನ ಕುಂತದೇನ್ರಿ?"

"ಸುಮ್ನ ಎಲ್ಲಿ ಕುಂತದ? ದಿನಾ ನಮ್ಮನ್ನ ಬೈತದಲ್ಲ" ಎಂದ ಅಂಬಾರಾಯ.

ಊರಲ್ಲಿ ಮನುಷ್ಯರನ್ನು ತೂಗುವ ಯಂತ್ರ ಎಲ್ಲಿದೆ ಎಂಬ ಪ್ರಶ್ನೆಗೆ ಪಕ್ಕದ ಮನೆಯ ಜೈಬುನ್ನೀಸಾ ಉತ್ತರ ಹುಡುಕಿದಳು. ಅವಳ ಗಂಡ ಮಶಾಕ ಗಂಜ್ ಎಂಬ ಧಾನ್ಯದ ಪೇಟೆಯ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಜೋಳ, ತೊಗರಿ ತೂಗುವವನು. ಅಂಗಡಿಯ ಮುಂದೆ ಕಬ್ಬಿಣದ ಹಲಗೆಯ ದೊಡ್ಡ ಕಾಟಾ ಇತ್ತು. ಹಲಗೆಯ ಮೇಲೆ ಚೀಲ ಇಟ್ಟು, ಮೇಲಿನ ಕಡ್ಡಿಯ ಬಟ್ಟು ಸರಿಸಿ, ಮಶಾಕ ತೂಕ ಕೂಗುತ್ತಿದ್ದ. ಅವನು ಕೂಗಿದ ತೂಕಕ್ಕೆ ಎರಡು ಮಾತಿಲ್ಲ.

"ಚೀಲ ತೂಗೂ ಕಾಟಾದ ಮ್ಯಾಲ ನಾ ನಿಂದ್ರಲೇನ ಜೈಬೂ? ಹಮಾಲರು ನಗಂಗಿಲ್ಲೇನ?"

"ಗಂಜ್ ತೆರಿಯೂಕಿಂತ ಮೊದಲ ಹೋಗೂನು ಸೂಗಕ್ಕ. ನಾ ಚಾದರ ಹಿಡದು ನಿಂದ್ರತೀನಿ."

ಎಂಟು ದಿನ ಬಿಟ್ಟು ಒಂದು ಮುಂಜಾನೆ ಮೂವರೂ ಹೋದರು. ಜೈಬುನ್ನೀಸಾ ಹಸಿರು ಚಾದರವನ್ನು ಎರಡು ಕೈಯಿಂದ ಅಗಲಿಸಿ ಹಿಡಿದಳು. ಸೂಗಮ್ಮನ ಅರ್ಧ ಮೈ ಅದರಾಚೆಗೇ ಉಳಿಯಿತು. ಮಶಾಕ ಕಡ್ಡಿಗೆ ಕಣ್ಣು ಹಚ್ಚಿ, ಬಟ್ಟು ಸರಿಸಿ, ಇಡೀ ಗಂಜಿಗೆ ಕೇಳುವಂತೆ ಕೂಗಿದ: "ಎಂಬತ್ತೊಂಬತ್ತು!"

"ಮೆಲ್ಲಕ ಹೇಳಪಾ!" ಎಂದು ಸೂಗಮ್ಮ ಗದರಿದಳು. ಆಮೇಲೆ ಲೆಕ್ಕ ಹಾಕಿ ಬೆರಗಾದಳು. ಎಂಟೇ ದಿನದಲ್ಲಿ ಮೂರು ಕಿಲೋ! ಖರೆ ಹೇಳಬೇಕೆಂದರೆ ಆ ಎಂಟು ದಿನ ಅವಳು ಏನನ್ನೂ ಬಿಟ್ಟಿರಲಿಲ್ಲ. ನಾಳೆಯಿಂದ ಶುರು ಮಾಡೋಣ ಎಂದು ದಿನಾ ಅಂದುಕೊಂಡಿದ್ದಳು, ಅಷ್ಟೇ. ಅಂದುಕೊಂಡದ್ದಕ್ಕೇ ಮೂರು ಇಳಿದರೆ ಮಾಡಿದರೆ ಎಷ್ಟು ಇಳಿದೀತು? ಆ ಹುಮ್ಮಸ್ಸಿನಲ್ಲಿ ಅವತ್ತಿನಿಂದಲೇ ಹಿಡಿದಳು.

ಡಾಕ್ಟರು ಎರಡು ರೊಟ್ಟಿ ಎಂದಿದ್ದರು. ಸೂಗಮ್ಮ ಎರಡೇ ತಿಂದಳು. ಆದರೆ ತನ್ನ ಪಾಲಿನ ಎರಡನ್ನು ಬಡಿಯುವಾಗ ಕೈ ತಾನಾಗಿ ಧಾರಾಳವಾಗುತ್ತಿತ್ತು. ರೊಟ್ಟಿ ಹಂಚಿನ ಅಂಚು ದಾಟಿ ಒಲೆಯ ಕಡೆ ಇಣುಕುತ್ತಿತ್ತು. ಒಂದು ದಿನ ಜೈಬುನ್ನೀಸಾ ಅದನ್ನು ಕಂಡಳು.

"ಸೂಗಕ್ಕ, ಇದು ರೊಟ್ಟಿಯೋ, ಮಲಗೂ ಚಾಪಿಯೋ?"

"ಎರಡ ಅಂದಾರವ್ವ, ಅಳತಿ ಹೇಳಿಲ್ಲ."

ಜೈಬುನ್ನೀಸಾ ಮನೆಗೆ ಹೋಗಿ ತನ್ನ ಡಬರಿಯ ಮುಚ್ಚಳ ತಂದಳು. ಅಂಗೈ ಅಗಲಿಸಿದರೆ ಮುಚ್ಚುವಷ್ಟಿತ್ತು. ಇನ್ನು ಮುಂದೆ ಸೂಗಮ್ಮನ ರೊಟ್ಟಿ ಈ ಮುಚ್ಚಳ ದಾಟಬಾರದು ಎಂದು ಹೇಳಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು ಹೋದಳು. ಅದನ್ನು ನೋಡಿದಾಗಲೆಲ್ಲ ಸೂಗಮ್ಮನಿಗೆ ಸವತಿಯನ್ನು ಕಂಡಂತಾಗುತ್ತಿತ್ತು. ಆದರೂ ಅಳತೆ ಮೀರಲಿಲ್ಲ.

ಮುಂಜಾನೆ ಕಾಗಿಣಾ ಹೊಳೆಯ ದಂಡೆಯವರೆಗೆ ನಡೆದು ಬಂದಳು. ಹದಿನೈದು ದಿನಕ್ಕೊಮ್ಮೆ ಕಾಟಾ ಏರಿದಳು. ಎಂಬತ್ತೇಳು. ಎಂಬತ್ತೈದೂವರೆ. ಎಂಬತ್ನಾಲ್ಕು. ಮಶಾಕನ ದನಿ ಸಣ್ಣದಾಗಲಿಲ್ಲ, ಸೂಗಮ್ಮ ಸಣ್ಣಗಾದಳು. ಕುಪ್ಪಸದ ತೋಳು ಸಡಿಲಾಯಿತು.

ಶ್ರಾವಣ ಬಂತು, ಕಷ್ಟವೂ ಬಂತು. ನಾಗರಪಂಚಮಿಗೆ ಅಳ್ಳು, ಎಳ್ಳುಂಡಿ, ಶೇಂಗಾ ಉಂಡಿ. ನಲವತ್ತು ಜನಕ್ಕೆ ಕಟ್ಟುವ ಕೈ ತನ್ನ ಬಾಯಿಯ ದಾರಿ ಮರೆತೀತೇ? ಅದಕ್ಕೆ ಪ್ರಾಯಶ್ಚಿತ್ತವೆಂದು ಸೂಗಮ್ಮ ನಾಲ್ಕು ಸೋಮವಾರ ಉಪವಾಸ ಹಿಡಿದಳು. ಉಪವಾಸದ ದಿನ ರೊಟ್ಟಿ ಮುಟ್ಟಲಿಲ್ಲ. ಸಾಬೂದಾನಿಯ ಉಸುಳಿ, ಹುರಿದ ಶೇಂಗಾ, ನಾಲ್ಕು ಬಾಳೆಹಣ್ಣು, ಕೆನೆಹಾಲು, ಇವನ್ನಷ್ಟೇ ತಿಂದಳು. ಶ್ರಾವಣ ಮುಗಿದಾಗ ಕಾಟಾ ಒಂದು ಕಿಲೋ ಹೆಚ್ಚು ತೋರಿಸಿತು.

"ಉಪವಾಸ ಮಾಡಿದ್ರ ದೇವ್ರು ಸಂತೋಷದಿಂದ ದಪ್ಪ ಆಗಬೇಕು. ನೀ ಯಾಕ ಆಗಾಕತ್ತೀದಿ?" ಎಂದ ಅಂಬಾರಾಯ. ಅವತ್ತು ಅವನ ತಾಟಿಗೆ ಪಲ್ಯ ಬೀಳಲಿಲ್ಲ.

ಭಾದ್ರಪದದಲ್ಲಿ ಸೂಗಮ್ಮ ಹಲ್ಲು ಕಚ್ಚಿ ನಿಂತಳು. ಗಂಟು ಎರಡು ಸಲ ಹೆದರಿಸಿತು. ಒಮ್ಮೆ ಊಟದ ಹೊತ್ತಿಗೇ ಎದ್ದು ಒಳಗೆ ಹೋಗಿ ಮಲಗಬೇಕಾಯಿತು, ಎಂಟು ಜನ ರೊಟ್ಟಿಯಿಲ್ಲದೆ ಎದ್ದು ಹೋದರು. ಹೆದರಿಕೆ ಉಂಡಿಗಿಂತ ದೊಡ್ಡದಾಯಿತು. ಗುರುವಾರಕ್ಕೆ ಎಂಟು ದಿನ ಉಳಿದಿದೆ ಎನ್ನುವಾಗ ಮಶಾಕ ಕೂಗಿದ: "ಎಪ್ಪತ್ತೊಂಬತ್ತೂವರಿ!"

ಸೂಗಮ್ಮ ಕಾಟಾದ ಮೇಲೆ ನಿಂತಲ್ಲೇ ಕೈಮುಗಿದಳು. ಎಂಬತ್ತಕ್ಕಿಂತ ಅರ್ಧ ಕಿಲೋ ಕಡಿಮೆ. ಅವತ್ತು ಸಂಜೆ ಒಂದು ಸೇರು ಪೇಢೆ ತಂದು, ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ, ಮಶಾಕನ ಅಂಗಳಕ್ಕೆ ಹೋದಳು. ಮಶಾಕ ಗಂಜಿನಿಂದ ಆಗಷ್ಟೇ ಬಂದು ಕಾಲು ತೊಳೆದು ಕುಳಿತಿದ್ದ. ಮುಖ ಗಂಟಿಕ್ಕಿತ್ತು. ತೆಂಗಳಿಯ ರೈತನೊಬ್ಬ ತೂಕದ ಮೇಲೆ ಜಗಳ ತೆಗೆದಿದ್ದನಂತೆ.

"ಮೂರು ಕಿಲೋ ಯಾಕ ಕಳದಿ ಅಂತ ಎದಿ ಮ್ಯಾಲ ಬಂದಾನ. ಮೂವತ್ತು ವರ್ಷದ ರಿವಾಜು ಅಕ್ಕ, ಮೊದಲ ಸೇರಿನಾಗ, ಈಗ ಕಿಲೋದಾಗ. ಚೀಲಕ್ಕ ಒಂದು, ಧೂಳಿಗಿ ಒಂದು, ತೇವಕ್ಕ ಒಂದು. ನಾ ಮರತ್ರೂ ನನ್ನ ನಾಲಿಗಿ ಮರೆಯಂಗಿಲ್ಲ. ಕಣ್ಣು ಕಡ್ಡಿ ನೋಡ್ತದ, ಬಾಯಾಗ ಕಳದಿದ್ದೇ ಬರ್ತದ. ಈಗ ನನಗ ಕಳೀಲಾರದ ಹೇಳು ಅಂದ್ರ ಬರಂಗೇ ಇಲ್ಲ."

ಪೇಢೆ ಬಾಯಿಗೆ ಹಾಕಿಕೊಂಡಿದ್ದ ಜೈಬುನ್ನೀಸಾ ಅಗಿಯುವುದನ್ನು ನಿಲ್ಲಿಸಿದಳು.

"ಅಜೀ, ಕಾಟಾದ ಮ್ಯಾಲ ಏನಿದ್ರೂ ಹಂಗೇ ಕಳೀತೀರೇನು?"

"ಏನಿದ್ರೂ."

"ಯಾರಿದ್ರೂ?"

ಮಶಾಕ ಹೌದೆನ್ನಲು ಬಾಯಿ ತೆರೆದವನು ಹಾಗೇ ಉಳಿದ. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಸೂಗಮ್ಮನನ್ನು ನೋಡಿದ, ಆಮೇಲೆ ನೆಲ ನೋಡಿದ.

ಮೂವರೂ ಎದ್ದು ನೇರವಾಗಿ ಗಂಜಿಗೆ ನಡೆದರು. ಬಯಲಲ್ಲಿ ಹಮಾಲರು ಇನ್ನೂ ಚೀಲ ಹೊರುತ್ತಿದ್ದರು. ಚಾದರ ತರಲು ಯಾರಿಗೂ ನೆನಪಾಗಲಿಲ್ಲ. ಸೂಗಮ್ಮ ಕಾಟಾ ಏರಿದಳು. ಮಶಾಕ ಬಟ್ಟು ಸರಿಸಿ ಬಾಯಿ ಮುಚ್ಚಿಕೊಂಡೇ ನಿಂತ. ಅಂಕಿ ಓದಬಲ್ಲ ಜೈಬುನ್ನೀಸಾ ಬಗ್ಗಿ ಕಡ್ಡಿ ನೋಡಿದಳು. ಎಂಬತ್ತೆರಡೂವರೆ.

"ಮಶಾಕ" ಎಂದಳು ಸೂಗಮ್ಮ, ಮೇಲಿನಿಂದಲೇ. "ನಾ ಚೀಲೇನೋ?"

"ಅಲ್ಲಕ್ಕ."

"ನಾ ಧೂಳೇನೋ?"

"ತೋಬಾ, ತೋಬಾ."

"ಹಂಗಾರ ತೇವೇನು?"

"ತಪ್ಪಾಯ್ತಕ್ಕ. ಮೂವತ್ತು ವರ್ಷದಾಗ ನಾ ಮನುಷ್ಯಾರ್ನ ತೂಗಿದ್ದೇ ಇಲ್ಲ. ನಿಮ್ಮನ್ನೇ ಮೊದಲು ತೂಗಿದ್ದು."

ಹಮಾಲರು ಮುಖ ತಿರುಗಿಸಿಕೊಂಡು ನಕ್ಕರು. ಸೂಗಮ್ಮನಿಗೆ ನಗು ಬರಲಿಲ್ಲ. ಕಾಟಾದಿಂದ ಇಳಿಯುವಾಗ ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದಳು. ಇನ್ನೂ ಎರಡೂವರೆ ಕಿಲೋ, ಎಂಟು ದಿನ, ನಡುವೆ ದಸರಾ. ತಪ್ಪಿದರೆ ಒಂದು ವರ್ಷ, ಮತ್ತು ಒಂದು ವರ್ಷ ಇದು ಸುಮ್ಮನಿರುವುದಿಲ್ಲ.

ಎಲ್ಲಿ ಸೋರುತ್ತಿದೆ ಎಂದು ಅವತ್ತು ಕೂತು ಯೋಚಿಸಿದಳು. ರೊಟ್ಟಿ ಮುಚ್ಚಳ ದಾಟಿರಲಿಲ್ಲ. ಬೆಲ್ಲ ಮುಟ್ಟಿರಲಿಲ್ಲ. ಕಡೆಗೆ ಅಂಬಾರಾಯನೇ ಹೇಳಿದ, ಅದೂ ಆ ಒಂದು ಸಲ ಚೇಷ್ಟೆ ಮಾಡದೆ ಹೇಳಿದ: "ಉಪ್ಪು ನೋಡೂದು. ದಿನಕ್ಕ ಎಷ್ಟು ಸಲ ಉಪ್ಪು ನೋಡ್ತಿ, ಎಣಿಸೀದೇನು?"

ಮರುದಿನ ಎಣಿಸಿದಳು. ಬೇಳೆ ಏಳು ಸಲ, ಪಲ್ಯ ಆರು, ಪುಂಡಿಪಲ್ಯ ನಾಲ್ಕು, ಶೇಂಗಾ ಹಿಂಡಿ ಐದು. ಅದಲ್ಲದೆ ಹಂಚಿಗೆ ಅಂಟಿದ ರೊಟ್ಟಿಯ ಗರಿ ಚೂರುಗಳು ಲೆಕ್ಕಕ್ಕೇ ಸಿಗಲಿಲ್ಲ. ನೋಡುವುದು ತಿನ್ನುವುದಲ್ಲ ಎಂದು ಇಪ್ಪತ್ತು ವರ್ಷ ನಂಬಿದ್ದಳು.

ಆ ಹೊತ್ತಿನಿಂದ ಸೂಗಮ್ಮ ಬಾಯಿಗೆ ಅಡ್ಡಲಾಗಿ ಸೆರಗು ಕಟ್ಟಿಕೊಂಡು ಅಡಿಗೆ ಮಾಡಿದಳು. ಉಪ್ಪು ನೋಡುವ ಕೆಲಸ ಅಂಬಾರಾಯನಿಗೆ ಬಂತು. ಅಂಬಾರಾಯ ಜನ್ಮದಲ್ಲಿ ಹಾಕಿದ್ದನ್ನು ಉಂಡವನೇ ಹೊರತು ರುಚಿ ಹೇಳಿದವನಲ್ಲ. ಏನು ಕೊಟ್ಟರೂ "ಬೇಷ್ ಅದ" ಎನ್ನುತ್ತಿದ್ದ. ಮೊದಲ ದಿನ ಬೇಳೆಗೆ ಉಪ್ಪೇ ಇರಲಿಲ್ಲ. ಎರಡನೆಯ ದಿನ ಎಲ್ಲವೂ ಉಪ್ಪು. ತಹಸೀಲ ಕಚೇರಿಯ ಗುಮಾಸ್ತ ಭಗವಂತ ಒಂದು ತುತ್ತು ಬಾಯಿಗಿಟ್ಟು ತಂಬಿಗೆ ನೀರು ಕುಡಿದ.

"ಅಂಬಾರಾಯಣ್ಣ, ಸಮುದ್ರ ನಮ್ಮ ಕಡಿ ಯಾವಾಗ ಬಂತು?"

"ನಿನ್ನಿದು ಸಪ್ಪಗಿತ್ತಲ್ಲ, ಎರಡೂ ಹೊಟ್ಟ್ಯಾಗ ಕೂಡಿದ್ರ ಸರಿ ಆಗ್ತದ, ಉಣ್ಣು" ಎಂದ ಅಂಬಾರಾಯ.

ಬಂದವರು ಎದ್ದು ಹೋಗಲಿಲ್ಲ. ಸಂಗತಿ ಎಲ್ಲರಿಗೂ ಗೊತ್ತಿತ್ತು. ದಿನಾ ಒಬ್ಬೊಬ್ಬರು ಒಳಗೆ ಇಣುಕಿ, "ಎಷ್ಟಾಯ್ತ್ರಿ ಅಕ್ಕಾರ?" ಎಂದು ಕೇಳಿ ಹೋಗುತ್ತಿದ್ದರು. ದಸರೆಯ ದಿನ ನಲವತ್ತು ಜನಕ್ಕೆ ಹೋಳಿಗೆ ಮಾಡಿದಳು. ಹೂರಣದ ವಾಸನೆ ಸೆರಗನ್ನೂ ದಾಟಿ ಬಂತು. ಒಂದು ಚೂರನ್ನೂ ಮುಟ್ಟಲಿಲ್ಲ. ಅಂಬಾರಾಯ ರುಚಿ ನೋಡುವ ನೆವದಲ್ಲಿ ಏಳು ನೋಡಿದ. ಆ ಎಂಟು ದಿನದಲ್ಲಿ ಅವನ ಗಲ್ಲಕ್ಕೆ ಸ್ವಲ್ಪ ಮಾಂಸ ಬಂದು, ಮದುವೆಯಾದ ವರ್ಷದ ಹಾಗೆ ಕಂಡ.

ಗುರುವಾರ ರೈಲು ಹತ್ತಿ ಮೂವರು ಹೊರಟರು, ಸೂಗಮ್ಮ, ಅಂಬಾರಾಯ, ಜೈಬುನ್ನೀಸಾ. ಮಶಾಕ ಟೇಸನ್ನಿನವರೆಗೆ ಬಂದು ತಲೆ ತಗ್ಗಿಸಿ ನಿಂತ. ವಾಡಿಯಲ್ಲಿ ಗಾಡಿ ಬದಲಿಸಲು ಒಂದು ತಾಸು ಕಾಯಬೇಕು. ಪ್ಲಾಟ್‌ಫಾರ್ಮಿನಲ್ಲಿ ಭಜಿ ಕರಿಯುತ್ತಿದ್ದರು. ಸೂಗಮ್ಮ ಭಜಿ ಬುಟ್ಟಿಯವನಿಗೆ ಬೆನ್ನು ಮಾಡಿ, ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಕುಳಿತಳು.

ದವಾಖಾನೆಯ ಯಂತ್ರದ ಮುಂದೆ ಚಪ್ಪಲಿ ಬಿಟ್ಟಳು, ಸೊಂಟದ ಕೀಲಿಗೊಂಚಲು ತೆಗೆದಳು, ಸಂಚಿ ಜೈಬುನ್ನೀಸಾಳ ಕೈಗೆ ಕೊಟ್ಟಳು, ಬಾಯಲ್ಲಿದ್ದ ಎಲೆಯನ್ನೂ ಉಗುಳಿ ಬಂದಳು. ಉಸಿರು ಬಿಟ್ಟು ಏರಿದಳು.

ಎಂಬತ್ತೂವರೆ.

ನರ್ಸು ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋದಳು. ಸೂಗಮ್ಮ ಬೆಂಚಿನ ಮೇಲೆ ಕುಳಿತಳು. ಅರ್ಧ ಕಿಲೋ, ಅಂದರೆ ಐದು ರೊಟ್ಟಿಯ ಹಿಟ್ಟು. ಜೈಬುನ್ನೀಸಾ ಅವಳ ಕೈ ಹಿಡಿದುಕೊಂಡಳು. ಅಂಬಾರಾಯ ಅವಳನ್ನು ಕಾಡಿಸಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಡಾಕ್ಟರು ಕರೆದರು. ಚೀಟಿ ನೋಡಿ ಕನ್ನಡಕ ಮೇಲೇರಿಸಿದರು.

"ಅವ್ವಾರ, ಏನು ಮಾಡಿಕೊಂಡ್ರಿ ಇದು?"

"ಅರ್ಧಾ ಕಿಲೋ ಉಳೀತ್ರಿ ಸಾಹೇಬ್ರ" ಎಂದಳು ಸೂಗಮ್ಮ. ಕಣ್ಣಲ್ಲಿ ನೀರು ಬಂತು.

"ಅಲ್ಲ್ರಿ, ಹನ್ನೊಂದೂವರೆ ಹ್ಯಾಂಗ ಇಳಿಸಿದ್ರಿ? ಎಂಬತ್ತು ಅಂದ್ರ ಎಲ್ಲಾರೂ ಎಂಬತ್ತಾರು ಎಂಬತ್ತೇಳಕ್ಕ ಬರ್ತಾರ. ಅಷ್ಟಾದ್ರೂ ಬರ್ಲಿ ಅಂತ ಎಂಬತ್ತು ಹೇಳೂದು. ನನಗ ಎಂಬತ್ತಾರು ಸಾಕಿತ್ತು. ನಾಳಿ ಮುಂಜಾನೆ ಮಾಡಿಬಿಡೂನು."

ಸೂಗಮ್ಮನ ಕಣ್ಣೀರು ಅಲ್ಲೇ ಒಣಗಿತು. ಎಂಬತ್ತಾರು ಸಾಕಿತ್ತಂತೆ! ಹಾಗಾದರೆ ಆ ಮುಚ್ಚಳ, ಆ ಸೆರಗು, ಮುಟ್ಟದೆ ಬಿಟ್ಟ ಆ ಹೋಳಿಗೆ?

"ದವಾಖಾನ್ಯಾಗೂ ಚೌಕಾಸಿ ಮಾಡ್ತಾರೇನ್ರಿ ಸಾಹೇಬ್ರ? ಇದ್ದ ಮಾತು ಹೇಳಬಾರದೇನು?"

"ಇದ್ದ ಮಾತು ಹೇಳಿದ್ರ ನೀವು ತೊಂಬತ್ತಕ್ಕ ಬರ್ತಿದ್ರಿ."

ಅಂಬಾರಾಯ ಮೊದಲು ನಕ್ಕ, ಜೈಬುನ್ನೀಸಾ ಆಮೇಲೆ. ಸೂಗಮ್ಮ ನಗಲಿಲ್ಲ. ನಾಲ್ಕು ತಿಂಗಳು ಅವಳು ಕಾಟಾಕ್ಕೆ ಹೆದರಿದ್ದಳು, ಮುಚ್ಚಳಕ್ಕೆ ಹೆದರಿದ್ದಳು, ಗುರುವಾರಕ್ಕೆ ಹೆದರಿದ್ದಳು. ಕತ್ತಿಗೆ ಹೆದರಲು ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಮಧ್ಯದಲ್ಲಿ ಏನೂ ಉಳಿದಿರಲಿಲ್ಲ. ನಾಳೆ ಮುಂಜಾನೆ, ಮತ್ತು ಕತ್ತಿ.

"ಸಾಹೇಬ್ರ" ಎಂದಳು ಮೆಲ್ಲಗೆ, "ಆ ಅರ್ಧಾ ಕಿಲೋನೂ ಇಳಿಸಿಕೊಂಡೇ ಬರ್ತೀನ್ರಿ. ಹೇಳಿದ ಮಾತು ಪೂರಾ ಮಾಡ್ಬೇಕು. ದೀಪಾವಳಿ ಹಿಂದ ಮುಂದ ನೋಡೂನು."

"ಬ್ಯಾಡ್ರಿ."

"ಭಾಳ ದಿನ ಬೇಡ್ರಿ, ಎಂಟು ದಿನ ಸಾಕ್ರಿ."

"ಅವ್ವಾರ, ನಿಮಗ ಅಂಜಿಕಿ ಬಂದದ."

"ಹೌದ್ರಿ" ಎಂದಳು ಸೂಗಮ್ಮ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅಂಬಾರಾಯ ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಅವನು ಹತ್ತಿರ ಬಂದು ನಿಂತ. ಚೇಷ್ಟೆಯ ಒಂದು ಮಾತನ್ನಾದರೂ ಹುಡುಕಿದ, ಸಿಗಲಿಲ್ಲ. "ನಾ ಬಾಗಲದಾಗೇ ಕುಂದ್ರತೀನಿ" ಎಂದಷ್ಟೇ ಹೇಳಿದ. "ಎಲ್ಲಿಗೂ ಹೋಗಂಗಿಲ್ಲ. ಉಚ್ಚಿಗೂ ಹೋಗಂಗಿಲ್ಲ."

"ಅದಕ್ಕಾದ್ರೂ ಹೋಗ್ರಿ" ಎಂದಳು ಸೂಗಮ್ಮ, ಮತ್ತು ಅವಳಿಗೇ ನಗು ಬಂತು. ಸಹಿ ಹಾಕಬೇಕಾದ ಒಪ್ಪಿಗೆಯ ಕಾಗದ ಕೇಳಿದಳು. ಅವಳಿಗೆ ಬರುತ್ತಿದ್ದುದು ಹೆಸರಿನ ಮೂರು ಅಕ್ಷರ ಮಾತ್ರ. ಅಷ್ಟನ್ನೂ ನಿಧಾನವಾಗಿ, ಒತ್ತು ಬಿಡದೆ ಬರೆದಳು.

ಶುಕ್ರವಾರ ಒಂಬತ್ತಕ್ಕೆ ಒಳಗೆ ಒಯ್ದರು, ಹನ್ನೊಂದಕ್ಕೆ ಹೊರಗೆ ತಂದರು. ಅಂಬಾರಾಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಕಣ್ಣು ತೆರೆದಾಗ ಸೂಗಮ್ಮನ ಬಾಯಿ ಒಣಗಿತ್ತು. ಕೈ ಹೊಟ್ಟೆಯ ಕಡೆ ಹೋಯಿತು, ಜೈಬುನ್ನೀಸಾ ಹಿಡಿದು ನಿಲ್ಲಿಸಿದಳು. "ಹೊಲದಾರ ಸೂಗಕ್ಕ, ಮುಟ್ಟಬ್ಯಾಡ. ಗಂಟು ಹೋಯ್ತು."

ಹದಿಮೂರು ದಿನ ದವಾಖಾನೆ, ಮನೆಗೆ ಬಂದ ಮೇಲೆ ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ, ನೆಲಕ್ಕೆ ಕೂರುವಂತಿಲ್ಲ. ಆ ದಿನಗಳಲ್ಲಿ ಅಂಬಾರಾಯ ರೊಟ್ಟಿ ಬಡಿಯಲು ಕಲಿತ. ಸೂಗಮ್ಮ ಮಂಚದ ಮೇಲಿಂದ ಹೇಳುವುದು, ಅವನು ಕೆಡಿಸುವುದು. ಬಂದವರು ಮೂಲೆಯಿರುವ ರೊಟ್ಟಿ ತಿಂದು ಹೋದರು.

ಡಾಕ್ಟರು ಹೇಳಿದ ದಿನ ಪೂರ್ತಿಯಾದ ಮರುದಿನ ಸೂಗಮ್ಮ ಸ್ನಾನ ಮಾಡಿ, ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು. ಒಂದು ಕಾಲು ಮಡಚಿದಳು. ಒಂದು ಮೊಣಕಾಲು ಎತ್ತಿದಳು. ಎಡಗೈ ರೂಢಿಯಂತೆ ಹೊಟ್ಟೆಯ ಮೇಲೆ ಹೋಯಿತು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಕೈಯನ್ನು ತಂದು ಹಿಟ್ಟಿನ ಮೇಲೆ ಇಟ್ಟಳು.

ಮೊದಲನೆಯ ರೊಟ್ಟಿ ಹಂಚಿಗೆ ಹಾಕುವಾಗಲೇ ನಡುವೆ ಹರಿಯಿತು.

"ಅಂಬಾರಾಯಣ್ಣಂದೇ ಚೊಲೋ ಇತ್ತು ಬಿಡ್ರಿ" ಎಂದ ಭಗವಂತ, ತಾಟಿನ ಮುಂದೆ ಕುಳಿತಲ್ಲಿಂದ.

ಎರಡನೆಯದೂ ಹರಿಯಿತು. ಯಾರೂ ನಗಲಿಲ್ಲ. ಸೂಗಮ್ಮ ಹಿಟ್ಟಿಗೆ ಒಂದು ಹನಿ ಬಿಸಿನೀರು ಹಾಕಿ ಮತ್ತೆ ನಾದಿದಳು, ಎರಡೂ ಕೈಯಿಂದ. ಮೂರನೆಯದು ದುಂಡಗೆ ಬಂತು.